ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಜಿಪಿಎಸ್

ನಮ್ಮ ವಿಜ್ಞಾನದ ಮೇಷ್ಟ್ರ ಬಲ ಅಂಗೈ ಸೌಟಿನ ಹಾಗೆ ಗುಳಿ ಬಿದ್ದಿತ್ತು. ಹುಟ್ಟಿನಿಂದಲೇ ಹಾಗಿತ್ತೋ, ಮಕ್ಕಳ ಬೆನ್ನಿಗೆ ಬಾರಿಸಿ ಬಾರಿಸಿ ಹಾಗಾಯಿತೋ ನನಗೆ ಗೊತ್ತಿಲ್ಲ. ಆ ಕೈಯಿಂದ ಹೊಡೆದರೆ ನೋವಿಗಿಂತ ಸದ್ದು ಹೆಚ್ಚು, ಪಕ್ಕದ ಕ್ಲಾಸಿನವರು ಕಿಟಕಿಯಿಂದ ಇಣುಕಿ ಯಾರಿಗೆ ಬಿತ್ತು ಅಂತ ನೋಡುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅದೇ ಗುಳಿಯಲ್ಲಿ ಅವರು ತೆಂಗಿನಕಾಯಿ ಇಟ್ಟುಕೊಂಡು, ಬೋರ್‌ವೆಲ್ ಕೊರೆಸುವವರಿಗೆ ಇಲ್ಲಿ ನೀರಿದೆ, ಅಲ್ಲಿ ನೀರಿಲ್ಲ ಎಂದು ತೋರಿಸುತ್ತಾ ಓಡಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಾಯಿ ಆ ಗುಳಿಯಲ್ಲಿ ಅಚ್ಚುಕಟ್ಟಾಗಿ ಮಲಗುತ್ತಿತ್ತು, ಅವರಿಗೆ ಬೇಕಾದಾಗ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತಿತ್ತು.

ಮೇಷ್ಟ್ರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ಬ್ಯಾಚಿನವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ, ಅವರ ಏಟಿನಿಂದಲೇ ನಾವು ಮನುಷ್ಯರಾದೆವು ಎಂದು ಬರೆದರು. ನಾನು ಏನೂ ಬರೆಯಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟು ಅವರ ಜೊತೆ ಹೋಗಲಿಲ್ಲ, ಇಲ್ಲೇ ನನ್ನ ಹತ್ತಿರ ಉಳಿದಿದೆ. ಹಾಗಂತ ಸುಮ್ಮನಿರುವುದಕ್ಕೂ ಆಗುವುದಿಲ್ಲ. ನಾನು ಈಗ ಮಾಡುವ ಕೆಲಸದಲ್ಲಿ ದಿನಕ್ಕೊಮ್ಮೆಯಾದರೂ ಆ ಮನುಷ್ಯ ಬಂದು ಮೂಗು ತೂರಿಸುತ್ತಾರೆ.

ನಾವು ಕೊಡಿಗೇಹಳ್ಳಿಯವರು. ಕೊಡಿಗೇಹಳ್ಳಿ ಹಳ್ಳಿಯೇ ಆಗಿದ್ದ ಕಾಲದವರು. ನಮ್ಮ ತಾತ ನೀರು ತೋರಿಸುತ್ತಿದ್ದ. ಅತ್ತಿಮರದ ಕವೆಕಡ್ಡಿ, ಅಂದರೆ ಎರಡು ಕವಲಾಗಿ ಒಡೆದ ಹಸಿ ಕೊಂಬೆ, ಅದರ ಎರಡು ತುದಿಯನ್ನು ಎರಡು ಮುಷ್ಟಿಯಲ್ಲಿ ಹಿಡಿದು ಹೊಲದ ಮೇಲೆ ನಡೆಯುತ್ತಿದ್ದ. ನೀರಿದ್ದ ಕಡೆ ಕಡ್ಡಿಯ ಮೂತಿ ಕೆಳಗೆ ಬಗ್ಗುತ್ತಿತ್ತು. ಸುತ್ತಮುತ್ತ ಅವನು ತೋರಿಸಿ ತೆಗೆಸಿದ ಬಾವಿಗಳು ಬೇಕಾದಷ್ಟಿದ್ದವು. ಅದರಲ್ಲೊಂದನ್ನು ಜನ ಅವನ ಹೆಸರಿನಿಂದಲೇ ಕರೆಯುತ್ತಿದ್ದರು, ಬೇಸಿಗೆಯಲ್ಲೂ ಅದರಲ್ಲಿ ಹುಡುಗರು ಈಜುವಷ್ಟು ನೀರಿರುತ್ತಿತ್ತು.

ಏಳನೇ ಕ್ಲಾಸಿನಲ್ಲಿ ಅಂತರ್ಜಲದ ಪಾಠ ಬಂತು. ಭೂಮಿಯೊಳಗಿನ ನೀರನ್ನು ಹೇಗೆ ಪತ್ತೆ ಮಾಡುತ್ತಾರೆ ಎಂದು ಮೇಷ್ಟ್ರು ಕೇಳಿದರು. ನಾನು ಕೈಯೆತ್ತಿ, ನಮ್ಮ ತಾತ ಕಡ್ಡಿಯಲ್ಲಿ ಪತ್ತೆ ಮಾಡುತ್ತಾನೆ ಅಂದೆ. ಹೆಮ್ಮೆಯಿಂದಲೇ ಅಂದೆ. ಮೇಷ್ಟ್ರ ಬಾಯಲ್ಲಿ ಸದಾ ಇರುತ್ತಿದ್ದ ಮಾತು 'ಪುರಾವೆ ಎಲ್ಲಿ?' ಅಂತ. ಜ್ವರ ಬಂದಿತ್ತು ಸಾರ್ ಅಂದರೆ ಪುರಾವೆ ಎಲ್ಲಿ, ಅಜ್ಜಿ ತೀರಿಕೊಂಡರು ಅಂದರೂ ಪುರಾವೆ ಎಲ್ಲಿ. ನನಗೂ ಅದನ್ನೇ ಕೇಳಿದರು, ನಗುತ್ತಾ ಕೇಳಿದರು. ಆಮೇಲೆ ನಾಳೆ ನಿಮ್ಮ ತಾತನನ್ನು ಕರೆದುಕೊಂಡು ಬಾ ಅಂದರು.

ತಾತ ಅದನ್ನು ಮರ್ಯಾದೆ ಅಂತಲೇ ತಿಳಿದ. ಸ್ಕೂಲಿನವರು ಕರೆದಿದ್ದಾರೆ ಅಂತ ಊರಿಗೆಲ್ಲ ಹೇಳಿದ. ಒಗೆದ ಪಂಚೆ ಉಟ್ಟು, ತಲೆಗೆ ಹೊಸ ಟವೆಲ್ ಸುತ್ತಿ, ಬೆಳಿಗ್ಗೆಯೇ ಕಡಿದು ತಂದ ಹಸಿ ಕಡ್ಡಿ ಹಿಡಿದು ಬಂದ. ಮೇಷ್ಟ್ರಿಗೆ ಅಂತ ಒಂದು ಚಿಪ್ಪು ಬಾಳೆಹಣ್ಣು ಬೇರೆ ತಂದಿದ್ದ. ಮೇಷ್ಟ್ರು ಹಣ್ಣನ್ನು ಮೇಜಿನ ಮೇಲಿಟ್ಟು, ಇಡೀ ಶಾಲೆಯನ್ನು ಮೈದಾನಕ್ಕೆ ಕರೆಸಿ, ಕರಿಹಲಗೆ ಒರೆಸುವ ಬಟ್ಟೆಯಿಂದ ತಾತನ ಕಣ್ಣು ಕಟ್ಟಿದರು. ಈಗ ನಡೆಯಿರಿ ಅಂದರು. ಒಂದು ಸಲ ಬಾವುಟದ ಕಂಬದ ಹತ್ತಿರ ಕಡ್ಡಿ ಬಗ್ಗಿತು. ಅಲ್ಲಿ ಗುರುತು ಹಾಕಿಸಿ, ತಾತನನ್ನು ಗಿರಗಿರ ತಿರುಗಿಸಿ, ಇನ್ನೊಂದು ಸಲ ನಡೆಸಿದರು. ಆಗ ಮೂತ್ರಾಲಯದ ಗೋಡೆ ಪಕ್ಕ ಬಗ್ಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಎಲ್ಲರೂ ಕೇಳುವ ಹಾಗೆ, ಕಡ್ಡಿ ಯಾಕೆ ಬಗ್ಗುತ್ತೆ ಹೇಳಿ ಅಂದರು. ತಾತ ಗೊತ್ತಿಲ್ಲ ಸೋಮಿ ಅಂದ.

"ಗೊತ್ತಿಲ್ಲದೆ ಊರಿಗೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ, ಇದಕ್ಕೆ ಮೋಸ ಅಂತಾರೆ," ಅಂದರು ಮೇಷ್ಟ್ರು.

ತಾತ ಮನೆಗೆ ಹೊರಟಾಗ ಅವನ ರೆಪ್ಪೆಯ ಮೇಲೆಲ್ಲ ಸೀಮೆಸುಣ್ಣದ ಪುಡಿ. ನಾನು ಹಿಂದೆ ಹಿಂದೆ ಅಳುತ್ತಾ ಹೋದೆ. ಅವನು ನನ್ನನ್ನೇ ಸಮಾಧಾನ ಮಾಡಿದ. "ಮೇಷ್ಟ್ರು ಓದ್ದೋರು ಕಣವ್ವ. ಅವ್ರು ಯೋಳಿದ್ರೆ ಸರಿಯಾಗೇ ಇರ್ತದೆ ಬುಡು," ಅಂದ. ಮನೆಗೆ ಬಂದವನೇ ಕಡ್ಡಿಯನ್ನು ಮುರಿದು ನೀರೊಲೆಗೆ ಹಾಕಿದ. ಆಮೇಲೆ ಯಾರು ಬಂದು ಕರೆದರೂ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಕರೆಯುವವರೂ ನಿಂತರು. ಬೋರ್ ಕೊರೆಯುವ ಲಾರಿಗಳು ಬಂದಿದ್ದವು, ಬಾವಿ ಯಾರಿಗೆ ಬೇಕಾಗಿತ್ತು. ಶಾಲೆಯಲ್ಲಿ ನನ್ನ ಹೆಸರು ಹತ್ತನೇ ಕ್ಲಾಸು ಮುಗಿಯುವ ತನಕ ಕಡ್ಡಿ ಅಂತಲೇ ಆಯಿತು.

ತಾತ ಸತ್ತಾಗ ನಾನು ಮೇಷ್ಟ್ರನ್ನು ಕರೆಯಬೇಡಿ ಅಂದೆ. ಅವರು ಬಂದರು, ಹಾರ ಹಾಕಿದರು, ಹೋದರು. ಒಂದು ದಿನ ಈ ಮನುಷ್ಯನ ಬಾಯಿಂದ ತಪ್ಪಾಯಿತು ಅನ್ನುವ ಮಾತು ಹೊರಡಿಸುತ್ತೇನೆ ಅಂತ ಅವತ್ತು ನಿಶ್ಚಯ ಮಾಡಿಕೊಂಡೆ. ನನಗೆ ಬೇರೇನೂ ಬೇಕಾಗಿರಲಿಲ್ಲ, ಆ ಒಂದು ಮಾತು ಸಾಕಾಗಿತ್ತು.

ನಾನು ಓದಿ ಮುಗಿಸಿ, ಕಟ್ಟಡಗಳ ನಕ್ಷೆ ಬಿಡಿಸುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ ಬ್ಯಾಟರಾಯನಪುರಕ್ಕೆ ಬಂದಿದ್ದೆ. ಬಿಡುವಿದ್ದಾಗ ಇನ್ನೊಂದು ಹುಚ್ಚು ಹಚ್ಚಿಕೊಂಡಿದ್ದೆ. ಪ್ರಪಂಚದ ತುಂಬ ಸಾಮಾನ್ಯ ಜನ ತಮ್ಮ ತಮ್ಮ ಬೀದಿ, ಕೆರೆ, ಗುಡಿ, ಅಂಗಡಿಗಳನ್ನು ಸೇರಿಸುತ್ತಾ ಹೋಗುವ ಒಂದು ನಕ್ಷೆಯಿದೆ. ಅದು ಯಾವ ಕಂಪನಿಯದೂ ಅಲ್ಲ, ಯಾರು ಬೇಕಾದರೂ ಬಿಡಿಸಬಹುದು, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ನಮ್ಮ ಕಡೆಯ ಅಡ್ಡರಸ್ತೆಗಳನ್ನೆಲ್ಲ ನಾನು ಅದರಲ್ಲಿ ಬಿಡಿಸಿದ್ದೆ. ಈ ಸುದ್ದಿ ಕೊಡಿಗೇಹಳ್ಳಿಯಲ್ಲಿ ಪಂಪು, ಪೈಪು ಮಾರುವ ನಮ್ಮ ಕ್ಲಾಸಿನ ಹುಡುಗನೊಬ್ಬನ ಮೂಲಕ ಮೇಷ್ಟ್ರ ಕಿವಿಗೆ ಬಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅವರೇ. ರಿಟೈರ್ ಆಗಿ ವರ್ಷಗಳಾಗಿದ್ದವು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಬೆತ್ತ ನುಂಗಿದ ಹಾಗೆ ನೆಟ್ಟಗಿತ್ತು. ಹೆಗಲಲ್ಲಿ ಬಟ್ಟೆಯ ಚೀಲ. ಚೆನ್ನಾಗಿದ್ದೀಯಾ ಅಂತ ಕೇಳುವ ಸೌಜನ್ಯವನ್ನೂ ತೋರಿಸದೆ, ಚೀಲದಿಂದ ಒಂದು ಯಂತ್ರ ತೆಗೆದು ನನ್ನ ಕೈಗಿಟ್ಟರು. ಕೈಯಲ್ಲಿ ಹಿಡಿಯುವ ಜಿಪಿಎಸ್. ಹಳೆಯ ಕಾಲದ ಮೊಬೈಲಿಗಿಂತ ದಪ್ಪ, ತಲೆಯ ಮೇಲೆ ಮೊಂಡು ಏರಿಯಲ್, ಪಕ್ಕದಲ್ಲಿ ರಬ್ಬರ್ ಗುಂಡಿಗಳು, ಬೆರಳಗಲದ ಪರದೆ. ಅದರೊಳಗೆ ಕಂಪನಿಯವರು ಹಾಕಿ ಕಳಿಸಿದ್ದ ನಕ್ಷೆಯಲ್ಲಿ ಬೆಂಗಳೂರು ಅಂದರೆ ಒಂದು ಚುಕ್ಕೆ, ಅದರಿಂದ ಹೊರಟ ನಾಲ್ಕು ಗೆರೆ. ಒಳ್ಳೆಯ ನಕ್ಷೆ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ನಿನ್ನ ಬಿಟ್ಟಿ ನಕ್ಷೆ ಇದಕ್ಕೆ ಹಾಕಿಕೊಡು ಅಂದರು.

ನಿಮ್ಮ ಮೊಬೈಲಿನಲ್ಲೇ ನೋಡಬಹುದಲ್ಲ ಸರ್ ಅಂದೆ. ಬಿಸಿಲಲ್ಲಿ ಮೊಬೈಲ್ ಪರದೆ ಕಾಣುವುದಿಲ್ಲ, ಒಂದೇ ಕೈಯಲ್ಲಿ ಹಿಡಿದು ಗುಂಡಿ ಒತ್ತಲಾಗುವುದಿಲ್ಲ, ನಡುವೆ ಫೋನ್ ಬೇರೆ ಬರುತ್ತದೆ ಅಂದರು. ಇನ್ನೊಂದು ಕೈಗೆ ಏನು ಕೆಲಸ ಅಂತ ನಾನು ಆಗ ಕೇಳಲಿಲ್ಲ.

ಕೆಲಸ ದೊಡ್ಡದೇನಲ್ಲ. ಕರ್ನಾಟಕದ ನಕ್ಷೆಯನ್ನು ಆ ಯಂತ್ರಕ್ಕೆ ಅರ್ಥವಾಗುವ ರೂಪದಲ್ಲಿ ಇಳಿಸಿಕೊಳ್ಳಬೇಕು, ಕೇಬಲ್ ಚುಚ್ಚಿ ಅದರ ಮೆಮೊರಿ ಕಾರ್ಡಿಗೆ ಕಾಪಿ ಮಾಡಬೇಕು. ಆದರೆ ಆ ಹಳೆಯ ಯಂತ್ರ ಒಂದೇ ಒಂದು ಹೆಸರಿನ ಫೈಲನ್ನು ಮಾತ್ರ ಗುರುತು ಹಿಡಿಯುತ್ತಿತ್ತು. ಬೇರೆ ಹೆಸರಿಟ್ಟರೆ ಕಣ್ಣೆತ್ತಿಯೂ ನೋಡುವುದಿಲ್ಲ, ಅದೇ ಹೆಸರಿಟ್ಟರೆ ಹೊಸದು ಹಳೆಯದನ್ನು ಅಳಿಸಿ ಕೂರುತ್ತದೆ. ಮೊದಲ ಸಲ ಹಾಕಿದಾಗ ಬೀದಿಯ ಹೆಸರುಗಳ ಜಾಗದಲ್ಲೆಲ್ಲ ಪ್ರಶ್ನೆ ಚಿಹ್ನೆಗಳು ಬಂದವು. ಆ ಯಂತ್ರಕ್ಕೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಮೇಷ್ಟ್ರು ನನಗೇ ಅಕ್ಷರ ಬರುವುದಿಲ್ಲವೇನೋ ಅನ್ನುವ ಹಾಗೆ ರೇಗಿದರು. ಹೆಸರುಗಳು ಇಂಗ್ಲಿಷಿನಲ್ಲಿರುವ ನಕ್ಷೆ ಹುಡುಕಿ ಮತ್ತೆ ಹಾಕಿದೆ. ಯಂತ್ರವನ್ನು ಆರಿಸಿ ಹಚ್ಚಿದಾಗ ಕೊಡಿಗೇಹಳ್ಳಿಯ ಬೀದಿಗಳು, ರೈಲ್ವೆ ಹಳಿ, ಕೆರೆಗೆ ಹೋಗುವ ಕಾಲುವೆ ಎಲ್ಲ ಸಣ್ಣ ಸಣ್ಣ ಗೆರೆಗಳಾಗಿ ಮೂಡಿದವು. ಅವುಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು.

ಚುಕ್ಕೆಗಳನ್ನು ಅವರೇ ಮೊದಲಿನಿಂದ ಹಾಕಿಕೊಂಡು ಬಂದಿದ್ದರು. ಒಂದರ ಮೇಲೆ ಒತ್ತಿ ನೋಡಿದೆ. ಆಳ ಇಷ್ಟು ಅಡಿ, ಫೇಲ್. ಇನ್ನೊಂದು, ಇಷ್ಟು ಅಡಿಗೆ ನೀರು. ಉತ್ತರ ಬೆಂಗಳೂರಿನಲ್ಲಿ ಯಾರ್ಯಾರು ಎಲ್ಲೆಲ್ಲಿ ಬೋರ್ ಹಾಕಿಸಿದರು, ಎಲ್ಲಿ ನೀರು ಬಂತು, ಎಲ್ಲಿ ಬರೀ ಧೂಳು ಬಂತು ಅನ್ನುವುದನ್ನು ಲಾರಿಯವರನ್ನು ಕೇಳಿ, ತಾವೇ ಹೋಗಿ ನಿಂತು, ಗುರುತು ಮಾಡಿಕೊಂಡಿದ್ದರು. ಇದು ಯಾಕೆ ಅಂತ ಕೇಳಿದಾಗ ಸ್ವಲ್ಪವೂ ಅಳುಕಿಲ್ಲದೆ ಹೇಳಿದರು. ಬೋರ್ ಪಾಯಿಂಟ್ ತೋರಿಸುತ್ತಿದ್ದರಂತೆ. ಸುತ್ತಲಿನ ಬೋರುಗಳನ್ನು ನೋಡಿ, ಕಲ್ಲಿನ ಪದರ ಹೇಗೆ ಹೋಗಿದೆ ಅಂತ ಅಂದಾಜು ಮಾಡಿ, ಜಾಗ ಮನೆಯಲ್ಲೇ ಗೊತ್ತು ಮಾಡಿಕೊಳ್ಳುತ್ತಿದ್ದರಂತೆ. ಸೈಟಿಗೆ ಹೋದಾಗ ಕೈಯಲ್ಲಿ ತೆಂಗಿನಕಾಯಿ.

ನನಗೆ ಮೈಯೆಲ್ಲ ಉರಿದುಹೋಯಿತು. ತೆಂಗಿನಕಾಯಿ ಯಾಕೆ ಸರ್ ಅಂತ ಕೇಳಿದೆ.

"ಕಾಯಿ ಇಲ್ದೆ ಎರಡು ವರ್ಷ ಓಡಾಡ್ದೆ. ಒಬ್ಬನೂ ಕರೀಲಿಲ್ಲ," ಅಂದರು.

ಹಾಗಾದರೆ ನಮ್ಮ ತಾತ ಮಾಡಿದ್ದೇನು ಅಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನಿಮ್ಮ ತಾತನ ಹತ್ರ ಡೇಟಾ ಇರ್ಲಿಲ್ಲ," ಅಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮುಂದಿನ ಭಾನುವಾರ ಬರುತ್ತೇನೆ ಅಂತ ಹೇಳಿ ಹೊರಟರು.

ಆ ದಿನವೆಲ್ಲ ನಾನು ಮನೆಯಲ್ಲಿ ಕಂಡಕಂಡವರ ಮೇಲೆ ಹರಿಹಾಯ್ದೆ. ಸಂಜೆ ಪಾತ್ರೆ ತೊಳೆಯುತ್ತಾ ನಿಂತಾಗ ತಾತನ ಜೊತೆ ಹೊಲ ಸುತ್ತಿದ್ದು ನೆನಪಾಯಿತು. ಯಾರಾದರೂ ಕರೆದರೆ ತಾತ ಹಿಂದಿನ ದಿನವೇ ಒಂದು ಸುತ್ತು ಹೋಗಿಬರುತ್ತಿದ್ದ, ನನ್ನನ್ನೂ ಕರೆದುಕೊಂಡು. ಕೈಯಲ್ಲಿ ಕಡ್ಡಿ ಇರುತ್ತಿರಲಿಲ್ಲ. ಎಲ್ಲಿ ಹುತ್ತ ಎದ್ದಿದೆ, ಎಲ್ಲಿ ಅತ್ತಿಮರ ತಾನಾಗಿ ಹುಟ್ಟಿದೆ, ಬಿಸಿಲೇರಿದ ಮೇಲೂ ಯಾವ ಕಡೆಯ ಹುಲ್ಲಿನಲ್ಲಿ ಇಬ್ಬನಿ ಉಳಿದಿದೆ, ಎಮ್ಮೆ ಎಲ್ಲಿ ಮಲಗಿದೆ ಅಂತ ನೋಡುತ್ತಾ ಹೋಗುತ್ತಿದ್ದ. ಮಣ್ಣು ಹಿಡಿದು ಮೂಸುತ್ತಿದ್ದ. ನಾನು ಅದನ್ನು ಸುಮ್ಮನೆ ಅಡ್ಡಾಡುವುದು ಅಂದುಕೊಂಡಿದ್ದೆ. ಬಹುಶಃ ಅವನೂ ಹಾಗೇ ಅಂದುಕೊಂಡಿದ್ದ. ಜಾಗವನ್ನು ಕಂಡುಹಿಡಿಯುತ್ತಿದ್ದದ್ದು ಅವನ ಕಣ್ಣು, ಹೆಸರು ಬರುತ್ತಿದ್ದದ್ದು ಕಡ್ಡಿಗೆ. ಮೇಷ್ಟ್ರು ಕಟ್ಟಿದ್ದು ಆ ಕಣ್ಣನ್ನೇ. ಇದನ್ನು ಅವರಿಗೆ ಹೇಳಬೇಕು, ಹೇಳಿ ಆ ಒಂದು ಮಾತನ್ನು ಪಡೆಯಬೇಕು ಅಂತ ಮುಂದಿನ ಭಾನುವಾರಕ್ಕೆ ಕಾದೆ.

ಭಾನುವಾರ ಬಂದರು. ನನಗೆ ಬಾಯಿ ತೆಗೆಯುವುದಕ್ಕೆ ಬಿಡದೆ ತಪ್ಪುಗಳ ಕಂತೆ ಬಿಚ್ಚಿದರು. ನಕ್ಷೆಯಲ್ಲಿ ವಿದ್ಯಾರಣ್ಯಪುರದ ಯಾವುದೋ ಅಡ್ಡರಸ್ತೆ ಮುಂದಿನ ರಸ್ತೆಗೆ ಕೂಡುತ್ತದೆ, ನಿಜದಲ್ಲಿ ಅಲ್ಲಿ ಗೋಡೆಯಿದೆ. ಒಂದು ಕಡೆ ಕಾಲುವೆ ರಸ್ತೆಯ ಎಡಕ್ಕಿದೆ, ಅದು ಬಲಕ್ಕಿರಬೇಕು. ಯಾರು ಬಿಡಿಸಿದ್ದು ಅಂತ ಕೇಳಿದರು. ಯಾರೋ ಬಿಡಿಸಿರುತ್ತಾರೆ ಸರ್, ಉಪಗ್ರಹದ ಚಿತ್ರ ನೋಡಿಕೊಂಡು ಮನೆಯಲ್ಲೇ ಕೂತು ಬಿಡಿಸುತ್ತಾರೆ ಅಂದೆ. ಆ ಗೋಡೆಯಿಲ್ಲದ ರಸ್ತೆ ನಾನೇ ಬಿಡಿಸಿದ್ದು. ಅವರಿಗೆ ಅದು ಹೇಗೋ ತಿಳಿಯಿತು.

"ಹೋಗಿ ನೋಡಿದ್ಯಾ?" ಅಂದರು.

ಈ ಪ್ರಶ್ನೆ ನನ್ನ ತಲೆ ಚಿಟ್ಟು ಹಿಡಿಸಿತು, ತಾತನ ಕಣ್ಣಿನ ವಿಷಯ ಹೇಳಲು ಅವತ್ತೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಅಲ್ಲಿಂದಾಚೆ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು, ಹೊಸ ನಕ್ಷೆ ಹಾಕಿಸಿಕೊಳ್ಳುತ್ತಿದ್ದರು, ಹಳೆಯದರ ತಪ್ಪು ಹೇಳುತ್ತಿದ್ದರು, ಪ್ರತಿಯೊಂದಕ್ಕೂ ಹೋಗಿ ನೋಡಿದ್ಯಾ ಅಂತ ಕೇಳುತ್ತಿದ್ದರು. ಬಿಟ್ಟಿ ಕೊಟ್ಟ ವಸ್ತುವಿಗೆ ಇಷ್ಟು ಬೈಸಿಕೊಳ್ಳಬೇಕಾ ಅಂತ ನನ್ನ ಗಂಡ ಒಳಗಿನಿಂದ ಗೊಣಗುತ್ತಿದ್ದ. ನೀವೇ ಬಿಡಿಸಿ ಸರ್, ಎಲ್ಲರಿಗೂ ಉಪಯೋಗವಾಗುತ್ತದೆ, ಹಾಗೇ ನಿಮ್ಮ ಬೋರಿನ ಚುಕ್ಕೆಗಳನ್ನೂ ಕೊಡಿ ಅಂದೆ ಒಂದು ಸಲ. ಅದು ನನ್ನ ಅನ್ನ ಅಂದರು. ಊರವರು ಬಿಡಿಸಿದ್ದು ಬೇಕು, ತಮ್ಮದು ಮಾತ್ರ ಯಾರಿಗೂ ಇಲ್ಲ. ಅಷ್ಟು ಸ್ವಾರ್ಥಿಯನ್ನು ನಾನು ನೋಡಿಲ್ಲ.

ಆದರೂ ಅವರು ಹೋದ ಮೇಲೆ ನಾನು ಸ್ಕೂಟರ್ ತೆಗೆಯುತ್ತಿದ್ದೆ. ಅವರು ಹೇಳಿದ್ದು ತಪ್ಪು ಅಂತ ತೋರಿಸುವುದಕ್ಕೇ ಹೋಗುತ್ತಿದ್ದೆ. ಹೋದಾಗ ಗೋಡೆ ಇರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ನಾನು ಯಾವತ್ತೂ ಸಹಿಸಲಾರೆ. ತಾತನ ಹೆಸರಿನ ಬಾವಿಯನ್ನು ನಕ್ಷೆಯಲ್ಲಿ ಹಾಕಿದ್ದೆ. ಬಾವಿಯನ್ನು ಯಾವತ್ತೋ ಒಡೆದ ಕಟ್ಟಡದ ಇಟ್ಟಿಗೆ, ಮಣ್ಣು ತುಂಬಿ ಮುಚ್ಚಿದ್ದರು, ಅದರ ಮೇಲೆ ಒಂದು ಅಪಾರ್ಟ್‌ಮೆಂಟಿನ ಜನರೇಟರ್ ರೂಮು ಬಂದಿತ್ತು. ಆದರೂ ಅದು ಅಲ್ಲಿತ್ತು ಅಂತ ನನಗೆ ಗೊತ್ತಿತ್ತಲ್ಲ. ಒಂದು ನೀಲಿ ಚುಕ್ಕೆ, ತಾತನ ಹೆಸರು, ಬಾವಿ. ಪ್ರಪಂಚದಲ್ಲಿ ಅವನ ಹೆಸರು ಬೇರೆಲ್ಲೂ ಉಳಿದಿರಲಿಲ್ಲ. ಮೇಷ್ಟ್ರು ಮುಂದಿನ ಸಲ ಬಂದಾಗ ಅದನ್ನೇ ಮೊದಲು ಎತ್ತಿದರು. ಅಲ್ಲಿ ಬಾವಿ ಕಾಣಿಸುತ್ತಾ ಅಂತ ಕೇಳಿದರು. ಇತ್ತು ಸರ್ ಅಂದೆ. ಇತ್ತಾ ಅಂತ ಕೇಳಲಿಲ್ಲ, ಇದೆಯಾ ಅಂತ ಕೇಳಿದೆ ಅಂದರು. ನಕ್ಷೆ ನೆಲದ ಮೇಲೆ ಇರುವುದನ್ನು ಮಾತ್ರ ಹೇಳಬೇಕು, ನಿನಗೆ ಬೇಕಾದ್ದನ್ನಲ್ಲ. ಬಾಯಾರಿ ಬಂದವನು ನಿನ್ನ ಚುಕ್ಕೆ ನಂಬಿ ಅಲ್ಲಿ ಹೋಗಿ ಡೀಸೆಲ್ ಕುಡಿಯಬೇಕಾ ಅಂದರು. ಅವರೆದುರಿಗೇ ಆ ಚುಕ್ಕೆಯನ್ನು ಅಳಿಸಿದೆ. ಅವರು ನೋಡುತ್ತಾ ನಿಂತಿದ್ದರು, ಉತ್ತರಪತ್ರಿಕೆ ನೋಡುತ್ತಿದ್ದ ಅದೇ ಮುಖ. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಯಾಕೆ ಅವರನ್ನು ಬಾಗಿಲಿನಿಂದಲೇ ಓಡಿಸಲಿಲ್ಲ ಅಂತ ಈಗಲೂ ಗಂಡ ಕೇಳುತ್ತಾನೆ. ಓಡಿಸಿದ್ದರೆ ಆ ಮಾತು ಯಾರಿಂದ ಪಡೆಯುವುದು.

ಆಮೇಲೆ ಅವರ ಕಣ್ಣು ಹೋಗತೊಡಗಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಅದು ಕಣ್ಣಿಗಿಳಿಯಿತು. ದೂರದ್ದು ಮಸುಕು ಮಸುಕಾಗಿ ಕಾಣುತ್ತಿತ್ತು, ಆ ಬೆರಳಗಲದ ಪರದೆಯಂತೂ ಏನೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಮಗನಿಗೆ ಹೇಳುವುದಕ್ಕೆ ಅಭಿಮಾನ, ಕಾಯಿ ಹಿಡಿದು ಓಡಾಡುವುದು ಮಗನಿಗೆ ನಾಚಿಕೆ. ಅದಕ್ಕೆ ನನ್ನ ಹತ್ತಿರ ಬಂದರು. ಸಹಾಯ ಕೇಳುವವರ ಹಾಗೆ ಅಲ್ಲ, ಹೋಂವರ್ಕ್ ಕೊಡುವವರ ಹಾಗೆ. ಭಾನುವಾರ ನನ್ನ ಜೊತೆ ಬಾ, ಯಂತ್ರ ನೀನು ಹಿಡಿದುಕೋ ಅಂದರು. ನಾನು ಹೋದೆ.

ಅವರ ಪದ್ಧತಿ ಹೀಗಿತ್ತು. ಪಾಯಿಂಟನ್ನು ನಮ್ಮ ಮನೆಯ ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ, ಮೂಗು ತಾಗಿಸಿಕೊಂಡು, ಮೊದಲೇ ಗುರುತು ಮಾಡುತ್ತಿದ್ದರು. ಸೈಟಿನಲ್ಲಿ ಅವರು ಮುಂದೆ, ಅಂಗೈಯಲ್ಲಿ ಕಾಯಿ. ನಾನು ಎರಡು ಹೆಜ್ಜೆ ಹಿಂದೆ, ಚೀಲದೊಳಗೆ ಯಂತ್ರ. ಗುರುತಿಗೆ ಎಷ್ಟು ದೂರ ಅಂತ ಅದು ತೋರಿಸುತ್ತಿತ್ತು. ಮೇಷ್ಟ್ರು ನಡೆಯುತ್ತಾ, ಟೈಮೆಷ್ಟಾಯ್ತಮ್ಮ ಅಂತ ಕೇಳುತ್ತಿದ್ದರು. ನಾನು ಚೀಲದೊಳಗೆ ಬಗ್ಗಿ ನೋಡಿ, ಇನ್ನೂ ಹತ್ತು ನಿಮಿಷ ಇದೆ ಸರ್ ಅನ್ನುತ್ತಿದ್ದೆ. ಅಂದರೆ ಹತ್ತು ಮೀಟರ್. ಸೈಟಿನವರು ರಾಹುಕಾಲ ಮುಗಿಯುವುದಕ್ಕೆ ಕಾಯುತ್ತಿದ್ದಾರೆ ಅಂದುಕೊಂಡು ತಾವೂ ವಾಚು ನೋಡಿಕೊಳ್ಳುತ್ತಿದ್ದರು. ಸರಿಯಾಯ್ತು ಸರ್ ಅಂದ ತಕ್ಷಣ ಕಾಯಿ ಎದ್ದು ನಿಲ್ಲುತ್ತಿತ್ತು. ಹೆಂಗಸರು ಕೈಮುಗಿಯುತ್ತಿದ್ದರು. ಯಂತ್ರ ನಾಲ್ಕೈದು ಮೀಟರ್ ಆಚೀಚೆ ತಪ್ಪು ಹೇಳಬಹುದು, ಅಷ್ಟು ಪರವಾಗಿಲ್ಲ, ಬಂಡೆ ಬಿರುಕು ಬಿಟ್ಟ ಪಟ್ಟಿ ಅದಕ್ಕಿಂತ ಅಗಲ ಇರುತ್ತೆ ಅನ್ನುತ್ತಿದ್ದರು. ಅವರು ತೋರಿಸಿದ ಕಡೆ ಹೆಚ್ಚಾಗಿ ನೀರು ಬರುತ್ತಿತ್ತು, ಇಲ್ಲ ಅನ್ನುವುದಿಲ್ಲ.

ಕೊನೆಯ ಭಾನುವಾರ ಹೋಗಿದ್ದು ವಿದ್ಯಾರಣ್ಯಪುರದ ಒಂದು ದೊಡ್ಡ ಖಾಲಿ ಜಾಗಕ್ಕೆ. ಅಣ್ಣತಮ್ಮಂದಿರು ಸೇರಿ ಮನೆ ಕಟ್ಟಿಸುವವರಿದ್ದರು. ಊದುಬತ್ತಿ ಹಚ್ಚಿ, ನೆಲಕ್ಕೆ ಅರಿಶಿನ ಕುಂಕುಮ ಹಾಕಿ, ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬರು ಮುದುಕರು, ಹಳೆಯ ಕಾಲದವರು. ಮೇಷ್ಟ್ರು ಕಾಯಿಗೆ ವಿಭೂತಿ ಹಚ್ಚುತ್ತಿರುವಾಗ ಅವರು ಸುಮ್ಮನಿರಲಾರದೆ ಮಾತು ತೆಗೆದರು. ಕೊಡಿಗೇಹಳ್ಳಿಯಲ್ಲಿ ಒಬ್ಬಾತ ಇದ್ದ, ಅತ್ತಿ ಕಡ್ಡಿ ಹಿಡಿದು ನೀರು ತೋರಿಸುತ್ತಿದ್ದ, ನಮ್ಮ ಬಾವಿ ಅವನೇ ತೋರಿಸಿದ್ದು ಅಂದರು. ಮೇಷ್ಟ್ರಿಗೆ ನಾನು ಹಿಂದೆ ನಿಂತಿರುವುದು ಗೊತ್ತಿತ್ತು. ಈಗಲಾದರೂ ಒಂದು ಒಳ್ಳೆಯ ಮಾತಾಡಬಹುದು ಅಂತ ಕಿವಿ ನೆಟ್ಟಗೆ ಮಾಡಿಕೊಂಡೆ.

"ಅದೆಲ್ಲ ಮೂಢನಂಬಿಕೆ ಯಜಮಾನ್ರೇ. ನಾನೇ ಪರೀಕ್ಷೆ ಮಾಡಿ ಹಿಡಿದಿದ್ದೀನಿ," ಅಂದರು ಮೇಷ್ಟ್ರು. ತೆಂಗಿನಕಾಯಿ ಹಿಡಿದುಕೊಂಡು ಅಂದರು.

ನಡೆಯುವುದಕ್ಕೆ ಶುರುಮಾಡಿದರು. ನಾನು ಚೀಲದ ಜಿಪ್ ಎಳೆದು ಮುಚ್ಚಿದೆ. ಸ್ವಲ್ಪ ದೂರ ಹೋಗಿ, ಟೈಮೆಷ್ಟಾಯ್ತಮ್ಮ ಅಂದರು. ನಾನು ಮಾತಾಡಲಿಲ್ಲ. ಇನ್ನೊಂದಷ್ಟು ನಡೆದು, ಸ್ವಲ್ಪ ಗಟ್ಟಿಯಾಗಿ ಮತ್ತೆ ಕೇಳಿದರು.

"ವಾಚು ಕಟ್ಕೊಂಡು ಬಂದಿಲ್ಲ ಸರ್," ಅಂದೆ.

ಅವರು ನಿಂತರು. ಕತ್ತು ನನ್ನ ಕಡೆ ತಿರುಗಿತು, ಕಣ್ಣು ಮಾತ್ರ ನನ್ನ ಪಕ್ಕದಲ್ಲಿ ಎಲ್ಲೋ ಬಿತ್ತು. ಅರ್ಥವಾಗಿತ್ತು ಅವರಿಗೆ. ಅಷ್ಟು ಜನರ ಮುಂದೆ ಹಿಂದೆ ಸರಿಯುವ ಹಾಗಿಲ್ಲ. ಹೆಜ್ಜೆ ಅಂದಾಜು ಮಾಡುತ್ತಾ ಹೋಗಿ ಒಂದು ಕಡೆ ಕಾಯಿ ನಿಲ್ಲಿಸಿದರು. ತಮ್ಮಂದಿರಲ್ಲಿ ಒಬ್ಬ ಅಲ್ಲಿ ಗೂಟ ಹೊಡೆದ. ಅಷ್ಟರಲ್ಲಿ ಆ ಮುದುಕರು, 'ಇನ್ನೊಂದ್ಸಲ ಆ ಕಡೆಯಿಂದ ಬನ್ನಿ ಸ್ವಾಮಿ, ಮನಸ್ಸಿಗೆ ಸಮಾಧಾನ' ಅಂದರು. ಮೇಷ್ಟ್ರು ಆ ಕಡೆಯಿಂದ ಬಂದರು. ಕಾಯಿ ಈ ಸಲ ಎದ್ದು ನಿಂತಿದ್ದು ಕಾಂಪೌಂಡ್ ಗೋಡೆಯ ಪಕ್ಕ, ಗೂಟ ಎಲ್ಲೋ ದೂರದಲ್ಲಿ. ಸೊಸೆಯೊಬ್ಬಳು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಆಮೇಲೆ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ದೊಡ್ಡಣ್ಣ ಒಳ್ಳೆಯ ಮನುಷ್ಯ, ನಗಲಿಲ್ಲ. ಇವತ್ತು ದಿನ ಚೆನ್ನಾಗಿಲ್ಲ ಅನ್ನಿಸುತ್ತೆ, ಇನ್ನೊಂದು ದಿನ ನೋಡೋಣ ಸರ್ ಅಂತ ಹೇಳಿ, ಗೂಟವನ್ನು ತಾನೇ ಕಿತ್ತು ಹಾಕಿದ.

ನನಗೆ ಖುಷಿಯಾಯಿತು. ತುಂಬ ಖುಷಿಯಾಯಿತು. ಎಷ್ಟೋ ವರ್ಷದಿಂದ ಆ ನಗುವನ್ನು ಕೇಳುವುದಕ್ಕೆ ಕಾದಿದ್ದೆ, ಕೇಳಿದೆ. ಅದಕ್ಕಾಗಿ ಅವತ್ತೂ ಪಶ್ಚಾತ್ತಾಪ ಪಡಲಿಲ್ಲ, ಇವತ್ತೂ ಇಲ್ಲ.

ವಾಪಸು ಸ್ಕೂಟರಿನಲ್ಲಿ ಹಿಂದೆ ಕೂತರು. ಕಾಯಿ ಅವರ ತೊಡೆಯ ಮೇಲಿತ್ತು. ಕೊಡಿಗೇಹಳ್ಳಿ ಗೇಟ್ ಸಿಗ್ನಲ್ಲಿನಲ್ಲಿ ನಿಂತೆವು. ಅಕ್ಕಪಕ್ಕ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಗಳು. ಬೈಯುತ್ತಾರೆ ಅಂತ ಕಾದಿದ್ದೆ, ಬೈಗುಳಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, ಪಾಠ ಮಾಡುವ ಧ್ವನಿಯಲ್ಲೇ ಮಾತಾಡಿದರು.

"ಅವತ್ತು ಪರೀಕ್ಷೆ ಕೆಟ್ಟೋಯ್ತು ಕಣಮ್ಮ. ನಿಮ್ಮ ತಾತನಿಗೆ ಕಟ್ಬೇಕಾಗಿದ್ದಿದ್ದು ಕಣ್ಣಲ್ಲ, ಕೈ. ಕೈ ಕಟ್ಟಿ, ನೋಡ್ಕೊಂಡು ಹೋಗಿ ಅನ್ಬೇಕಾಗಿತ್ತು. ತೋರಿಸ್ತಿದ್ರು."

ಅಷ್ಟನ್ನಾದರೂ ಒಪ್ಪಿಕೊಂಡರು. ಆದರೆ ನಾನು ಕಾದಿದ್ದ ಮಾತು ಅದಲ್ಲ. ಪರೀಕ್ಷೆಗೆ ಏನಾಯಿತು ಅಂತ ಹೇಳಿದರೇ ಹೊರತು, ತಾತನಿಗೆ ಏನು ಮಾಡಿದೆ ಅಂತ ಹೇಳಲಿಲ್ಲ. ಕತ್ತು ತಿರುಗಿಸದೆಯೇ, "ತಪ್ಪಾಯ್ತು ಅನ್ನಿ ಸರ್," ಅಂದೆ.

"ಗಾಡಿ ತೆಗಿ, ಹಿಂದಿನವರು ಹಾರ್ನ್ ಹೊಡೀತಿದ್ದಾರೆ," ಅಂದರು.

ಮನೆಯ ಹತ್ತಿರ ಇಳಿದು, ಯಂತ್ರವನ್ನು ನನ್ನ ಹತ್ತಿರವೇ ಬಿಟ್ಟು, ಹೊಸ ನಕ್ಷೆ ಹಾಕಿಡು ಅಂತ ಹೇಳಿ ಹೋದರು. ಏನೂ ನಡೆದೇ ಇಲ್ಲ ಅನ್ನುವ ಹಾಗೆ. ನಾನು ಹೊಸ ನಕ್ಷೆ ಹಾಕಿಟ್ಟೆ. ಅವರು ಬರಲಿಲ್ಲ. ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದ್ದಾರೆ ಅಂತ ಪಂಪಿನ ಅಂಗಡಿಯವನು ಹೇಳಿದ. ನಾಳೆ ಹೋಗಿ ನೋಡಿದರಾಯಿತು ಅಂತ ಎರಡು ಮೂರು ನಾಳೆ ಕಳೆದೆ, ಅಷ್ಟರಲ್ಲಿ ಹೋಗಿಬಿಟ್ಟರು. ನಮ್ಮ ಮಾತು ಮುಗಿದಿರಲಿಲ್ಲ. ಸಾಯುವುದಕ್ಕೆ ಮುಂಚೆ ನನ್ನನ್ನು ಕರೆಸಬಹುದಿತ್ತು, ಕರೆಸಲಿಲ್ಲ.

ನೋಡುವುದಕ್ಕೆ ಹೋದೆ. ಹಾಲ್‌ನಲ್ಲಿ ಮಲಗಿಸಿದ್ದರು, ತಲೆಯ ಹತ್ತಿರ ಒಡೆದ ತೆಂಗಿನಕಾಯಿಯ ಹೋಳಿನಲ್ಲಿ ಎಣ್ಣೆ ಹಾಕಿ ದೀಪ ಹಚ್ಚಿದ್ದರು. ಬಲಗೈ ಎದೆಯ ಮೇಲೆ ಅಂಗಾತ ಬಿದ್ದಿತ್ತು, ಗುಳಿ ಕಾಣುತ್ತಿತ್ತು. ಅಳು ಬರಲಿಲ್ಲ. ಯಂತ್ರವನ್ನು ಮಗನಿಗೆ ಕೊಡುವುದಕ್ಕೆ ಹೋದರೆ, ಅವರು ಅದನ್ನು ಮುಟ್ಟಲೂ ಇಲ್ಲ, ನೀವೇ ಇಟ್ಕೊಳ್ಳಿ ಮೇಡಂ, ನಮಗೇನು ಗೊತ್ತಾಗುತ್ತೆ ಅಂದರು.

ಮುಂದಿನ ಭಾನುವಾರ ಅದನ್ನು ಹಿಡಿದುಕೊಂಡು ತಾತನ ಬಾವಿಯ ಜಾಗಕ್ಕೆ ಹೋದೆ. ಈಗ ಬೇಡ ಅನ್ನುವವರು ಯಾರೂ ಇರಲಿಲ್ಲ, ಹೆಸರನ್ನು ಮತ್ತೆ ಹಾಕಿಬಿಡೋಣ ಅನ್ನುವುದೇ ಮನಸ್ಸಿನಲ್ಲಿತ್ತು. ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಏನೋ ಸಬೂಬು ಹೇಳಿ ಜನರೇಟರ್ ರೂಮಿನ ಹಿಂದೆ ನಿಂತು ಯಂತ್ರ ಹಚ್ಚಿದೆ. ಬೀದಿಗಳು ಮೂಡಿದವು, ಚುಕ್ಕೆಗಳು ಮೂಡಿದವು. ಮೇಷ್ಟ್ರು ತಮಗಾಗಿ ಅಂತಲಾದರೂ ಅಲ್ಲೊಂದು ಗುರುತು ಹಾಕಿಕೊಂಡಿರಬಹುದು ಅನ್ನುವ ಆಸೆ ಒಳಗೆಲ್ಲೋ ಇತ್ತು. ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಇರಲಿಲ್ಲ. ಇದ್ದಿದ್ದರೆ ಅವರನ್ನು ಕ್ಷಮಿಸುವುದು ಸುಲಭವಾಗುತ್ತಿತ್ತು.

ಆಮೇಲೆ ನೆಲ ನೋಡಿದೆ. ರೂಮಿನ ಸುತ್ತ ಬಂದೆ. ಬಾವಿಯ ಕಟ್ಟೆಯ ಒಂದು ಕಲ್ಲಾದರೂ, ರಾಟೆ ಕಂಬದ ಬುಡವಾದರೂ ಉಳಿದಿದೆಯೇನೋ ಅಂತ ಕಾಲಿನಿಂದ ಕಸ ಸರಿಸಿ ಹುಡುಕಿದೆ. ಸಿಮೆಂಟು, ಡೀಸೆಲ್ ಕಲೆ, ಮತ್ತೆ ಸಿಮೆಂಟು. ಏನ್ ಮೇಡಂ ಕಳ್ಕೊಂಡ್ರಿ ಅಂತ ವಾಚ್‌ಮನ್ ದೂರದಿಂದ ಕೂಗಿದ. ನಾನು ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡು ಯಂತ್ರ ಆರಿಸಿದೆ.

ತಾತನ ಬಾವಿ ನಕ್ಷೆಯಲ್ಲಿಲ್ಲ. ಹೋಗಿ ನೋಡಿದೆ, ಅಲ್ಲಿ ಇಲ್ಲ, ಅದಕ್ಕೇ ಹಾಕಲಿಲ್ಲ.